ಸರದಿ ಕಾಯುವ ರಕ್ಕಸ

ಏಳು ಹಳ್ಳ, ಏಳು ಗುಡ್ಡ ದಾಟಿ ಹೋದರೆ ಒಂದು ಕೋಟೆ ಇತ್ತಂತೆ. ಕೋಟೆಗೆ ಏಳು ಬಾಗಿಲು. ಏಳನೆಯ ಬಾಗಿಲಿಗೆ ಒಬ್ಬ ಕಲ್ಲುರಕ್ಕಸ ಕಾವಲು. ರಕ್ಕಸನಾದರೂ ನೇಮದವನು. ತಾನೊಂದು ಏಟು ಹಾಕಿದ ಮೇಲೆ ಗದೆಯನ್ನು ನೆಲಕ್ಕೂರಿ, ಎದುರಿನವರು ತಮ್ಮ ಏಟು ಹಾಕುವ ತನಕ ಸುಮ್ಮನೆ ನಿಲ್ಲುತ್ತಿದ್ದ. ಅವರು ಯೋಚಿಸಲಿ, ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ, ಅವನಿಗೇನೂ ಅವಸರವಿಲ್ಲ. ಅಂಥ ರಕ್ಕಸನ ಎದುರಿಗೆ ಗುರಾಣಿ ಹಿಡಿದವನೊಬ್ಬ, ಗಾಯಕ್ಕೆ ಮದ್ದು ಹಾಕುವವಳೊಬ್ಬಳು ಬಂದು ನಿಂತರು.

ಮದ್ದು ಹಾಕುವವಳು ನಾನು, ಸವಿತಾ. ಕೋಟೆ ಇದ್ದದ್ದು ಬೇಗೂರಿನಲ್ಲಿ, ಬಾಲಾಜಿಯ ಸೈಬರ್ ಸೆಂಟರಿನ ಮೂಲೆಯ ಕಂಪ್ಯೂಟರಿನೊಳಗೆ. ಗುರಾಣಿಯವನು ಕೊಟ್ರಪ್ಪ. ಅವನು ಅತ್ತಿಬೆಲೆಯ ಇನ್ಯಾವುದೋ ಸೈಬರಿನಲ್ಲಿ ಕೂತು ಆಡುತ್ತಿದ್ದ. ಅವನ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಅದು ಎರಡು ಸಾವಿರದ ಹನ್ನೊಂದನೆಯ ಇಸವಿ. ಕುಕನೂರಿನ ಕಡೆಯಿಂದ ಬಂದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಸೇರಿದ್ದೆ. ಭೂತಗನ್ನಡಿಯ ಕೆಳಗೆ ಹಸಿರು ಬೋರ್ಡುಗಳು ಬರುತ್ತವೆ, ಬೆಸುಗೆ ಸರಿಯಿದೆಯೇ ನೋಡಿ ಮುಂದಕ್ಕೆ ತಳ್ಳಬೇಕು. ಲೈನಿನಲ್ಲಿ ಮಾತಾಡುವಂತಿಲ್ಲ. ಬೇಗೂರಿನ ರೂಮಿನಲ್ಲಿ ಜೊತೆಗೆ ಗೌರಿ ಎಂಬವಳಿದ್ದಳು, ಆದರೆ ನನ್ನದು ಹಗಲು ಶಿಫ್ಟಾದರೆ ಅವಳದು ರಾತ್ರಿ. ನಾನು ಬರುವಷ್ಟರಲ್ಲಿ ಅವಳ ತಟ್ಟೆ ತೊಳೆದು ಕವುಚಿಟ್ಟಿರುತ್ತಿತ್ತು, ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಕೆಲವು ದಿನ ನಾನು ಬಾಯಿಬಿಡುತ್ತಿದ್ದದ್ದೇ ಬಸ್ಸಿನಲ್ಲಿ, ಟಿಕೆಟ್ ಕೇಳುವಾಗ.

ಒಂದು ಭಾನುವಾರ ಊರಿನ ಸುದ್ದಿ ಓದೋಣವೆಂದು ಬಾಲಾಜಿಯ ಅಂಗಡಿಗೆ ಹೋದವಳು ಪಕ್ಕದ ಪರದೆಯಲ್ಲಿ ಆ ಕೋಟೆಯನ್ನು ಕಂಡೆ. ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನನ್ನ ಮಟ್ಟಿಗೆ ಅದು ಕೋಟೆ, ಅಷ್ಟೇ. ದೇಶದೇಶದ ಜನ ಒಂದೇ ಹೊತ್ತಿಗೆ ಅದರೊಳಗೆ ಓಡಾಡುತ್ತಿದ್ದರು. ಬುರುಜು, ಕಂದಕ, ಕಂದಕದಲ್ಲಿ ಮೊಸಳೆ, ಎಲ್ಲ ಅಜ್ಜಿ ಹೇಳಿದ ಹಾಗೇ ಇತ್ತು. ನಾನೂ ಒಂದು ಹೆಸರಿಟ್ಟುಕೊಂಡು ಒಳಗೆ ಹೋದೆ. ಕೆಲವು ವಾರದ ಮೇಲೆ ಮೊದಲ ಬಾಗಿಲಿನ ಹತ್ತಿರ ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನಿಂತಿದ್ದರು.

"ಇಲ್ಲಿ ಯಾರರ ನಮ್ಮ ಕಡೇರು ಅದೀರೇನ್ರಿ?"

ಜನ ಅವನನ್ನು ದಾಟಿ ಹೋಗುತ್ತಲೇ ಇದ್ದರು. ನಾನು ಅದೀನಿ ಎಂದು ಬರೆದೆ.

ಅವನು ಕೂಡ್ಲಿಗಿ ಕಡೆಯವನು, ಅತ್ತಿಬೆಲೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ನನ್ನ ವಯಸ್ಸು ಕೇಳದೆಯೇ ಅಕ್ಕಾ ಅಂದ. ಫೋನ್ ನಂಬರು ಕೇಳಬೇಕೆಂದು ಅವನಿಗೆ ತೋಚಲಿಲ್ಲ, ನಾನಾಗಿಯೇ ಕೊಡಲು ನನಗೆ ಸಂಕೋಚ. ಮಾತೆಲ್ಲ ಕೋಟೆಯೊಳಗೇ, ಭಾನುವಾರದ ಮಧ್ಯಾಹ್ನಗಳಲ್ಲಿ. ಆ ಆಟದಲ್ಲಿ ಜಗಳಕ್ಕೂ ಸರದಿಯಿತ್ತು. ಒಬ್ಬರ ಏಟು ಮುಗಿದ ಮೇಲೆ ಪರದೆಯ ಮೂಲೆಯಲ್ಲಿ ಒಂದು ಮರಳಿನ ಗಡಿಯಾರ ಸುರಿಯುತ್ತದೆ. ಅದು ಬರಿದಾಗುವುದರೊಳಗೆ ಮುಂದಿನವರು ತಮ್ಮ ನಡೆ ಇಡಬೇಕು. ಆ ಬಿಡುವಿನಲ್ಲಿ ನಾನು ಅಜ್ಜಿಯ ಕಥೆಗಳನ್ನು ತುಂಡುತುಂಡಾಗಿ ಬರೆಯುತ್ತಿದ್ದೆ.

ಅಜ್ಜಿಯದೊಂದು ಕಟ್ಟಳೆಯಿತ್ತು. ಅವಳು ಕಥೆ ಹೇಳುವಾಗ ಒಂದೊಂದು ಮಾತಿಗೂ ನಾವು ಹ್ಞೂಂ ಅನ್ನಬೇಕು. ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಹ್ಞೂಂ ಅನ್ನೋರಿಲ್ಲದ ಕಥೆ ಕಾಲು ಮುರಿದುಕೊಂಡು ಕೂರುತ್ತದೆ ಅನ್ನುತ್ತಿದ್ದಳು. ಇದನ್ನು ಹೇಳಿದ ದಿನದಿಂದ ಕೊಟ್ರಪ್ಪ ಹ್ಞೂಂಗುಟ್ಟತೊಡಗಿದ. ಕಥೆಗೆ ಮಾತ್ರವಲ್ಲ, ತನ್ನ ಏಟು ಹಾಕಿದ ಮೇಲೂ ಹ್ಞೂಂ ಎಂದು ಬರೆಯುತ್ತಿದ್ದ. ಅದನ್ನು ನೋಡಿಕೊಂಡೇ ನಾನು ನನ್ನ ನಡೆ ಇಡುವುದು ರೂಢಿಯಾಯಿತು. ಹೀಗೆ ಆರು ಬಾಗಿಲು ದಾಟಿದೆವು.

ದಸರೆ ಮುಗಿದ ಮೇಲೆ ಮೇಸ್ತ್ರಿ ತನ್ನನ್ನು ಬೇರೆ ಸೈಟಿಗೆ ಒಯ್ಯುತ್ತಾನೆ, ಅಲ್ಲಿ ಸುತ್ತಮುತ್ತ ಕಾಡು, ಕಂಪ್ಯೂಟರ್ ಇರಲಿ ಕರೆಂಟೂ ಅನುಮಾನ ಎಂದು ಅವನು ಒಂದು ದಿನ ಬರೆದ. ಆಮೇಲೆ ಬರೆದ, "ಏಳನೇ ಬಾಗಲದಾಚೆ ಏನೈತಿ ಅಂತ ಒಮ್ಮೆ ನೋಡಿ ಹೋಗಬೇಕಿತ್ತಕ್ಕಾ."

"ನಾ ದಾಟಸ್ತೀನಿ," ಎಂದು ನಾನು ಬರೆದೆ. ಅಜ್ಜಿಯ ಕಥೆಗಳಲ್ಲಿ ಮಾತು ಕೊಟ್ಟವರು ಗಿಳಿಯಾಗಿ ಹೋದರೂ ಕಲ್ಲಾಗಿ ಹೋದರೂ ಅದನ್ನು ನಡೆಸಲೇಬೇಕು. ಅದೇ ಧೈರ್ಯದಲ್ಲಿ ಬರೆದುಬಿಟ್ಟೆ.

ಆ ವಾರವೇ ಆಟದವರು ಪ್ರಕಟಣೆ ಹಾಕಿದರು. ಮುಂದಿನ ಬುಧವಾರದಿಂದ ಸರದಿ ಇರುವುದಿಲ್ಲ, ಮರಳಿನ ಗಡಿಯಾರವೂ ಇರುವುದಿಲ್ಲ. ಎಲ್ಲರೂ ಒಟ್ಟಿಗೇ ಹೊಡೆಯಬೇಕು, ಗುರಿಯಿಡಬೇಕು, ಏಟು ಬಂದರೆ ಹಾರಿ ತಪ್ಪಿಸಿಕೊಳ್ಳಬೇಕು. ಬಾಲಾಜಿಗೆ ಖುಷಿಯೋ ಖುಷಿ.

"ಈಗಿರೋದು ಬ್ಯಾಂಕ್ ಕ್ಯೂ ಮೇಡಂ," ಅಂದ. "ನೀವು ಹೊಡೀರಿ, ಆಮೇಲೆ ನಾನು, ಆಮೇಲೆ ರಾಕ್ಷಸ. ಫೈಟಲ್ಲಿ ಯಾರಾದ್ರೂ ಟೋಕನ್ ತಗೋತಾರಾ?"

ಯೋಚನೆ ಮಾಡಲು ಹೊತ್ತು ಬೇಡವೇ ಎಂದೆ. ಅದಕ್ಕೆ ಚೆಸ್ ಆಡಿ ಎಂದ.

ಸರದಿಯ ಆಟಕ್ಕೆ ಉಳಿದದ್ದು ಒಂದೇ ಭಾನುವಾರ. ಏಳನೆಯ ಬಾಗಿಲಿಗೆ ವಾರಕ್ಕೊಂದೇ ಸಲ ಹೋಗಬಹುದಿತ್ತು. ನಾವು ನಿಧಾನವಾಗಿ ಆಡಿದೆವು. ರಕ್ಕಸನ ಎದೆಯ ಕಲ್ಲು ಅರ್ಧ ಉದುರಿತ್ತು. ಅವನ ಗದೆ ಬಿದ್ದು, ಪರದೆಯ ಪಟ್ಟಿಯಲ್ಲಿ ಕೊಟ್ರಪ್ಪನ ಜೀವ ಒಂದು ಗೆರೆಯಷ್ಟಕ್ಕೆ ಇಳಿಯಿತು. ಕೊಟ್ರಪ್ಪ ತನ್ನ ಏಟು ಹಾಕಿದ ಮೇಲೆ ನನ್ನ ಗಡಿಯಾರ ಸುರಿಯತೊಡಗಿತು. ನಾನು ಮದ್ದು ಹಾಕಬೇಕಿತ್ತು. ಆದರೆ ಕೊಟ್ರಪ್ಪ ಹ್ಞೂಂ ಅಂದಿರಲಿಲ್ಲ.

ಕೀಲಿಯ ಮೇಲೆ ಬೆರಳಿಟ್ಟು ಕಾದೆ. ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದುಕೊಂಡೆ. ಮರಳು ಮುಗಿಯಿತು. ನನ್ನ ಸರದಿ ಹೋಯಿತು. ರಕ್ಕಸ ತನ್ನ ನೇಮದಂತೆ ಗದೆ ಎತ್ತಿದ. ಆ ಏಟಿಗೆ ಕೊಟ್ರಪ್ಪ ಬಿದ್ದ, ಆ ವಾರದ ಆಟ ಅಲ್ಲಿಗೆ ಮುಗಿಯಿತು.

ಸ್ವಲ್ಪ ಹೊತ್ತಿನ ಮೇಲೆ ಕೊಟ್ರಪ್ಪನ ಮಾತು ಬಂತು. ಅಲ್ಲಿ ಲೈನು ಕಡಿದುಹೋಗಿತ್ತಂತೆ. ಏನಾತಕ್ಕಾ ಎಂದು ಕೇಳಿದ. ನೀನು ಹ್ಞೂಂ ಅನ್ನಲಿಲ್ಲ, ಅದಕ್ಕೆ ಕಾದೆ ಎಂದೆ. ಆಮೇಲೆ, "ಇರ್ಲಿ ಬಿಡಕ್ಕಾ. ಇನ್ನೊಂದು ಐತಾರ ಐತಲ್ಲ," ಎಂದ. ಆ ಐತವಾರ ಬರುವ ಹೊತ್ತಿಗೆ ರಕ್ಕಸ ಕಾಯುವುದನ್ನು ಬಿಟ್ಟಿರುತ್ತಾನೆ ಎಂದು ಇಬ್ಬರಿಗೂ ಗೊತ್ತಿತ್ತು. ಅದರ ಮರುದಿನವೇ ಅವನ ಪ್ರಯಾಣ.

ಬುಧವಾರದಿಂದ ದಿನವೂ ಕೆಲಸ ಬಿಟ್ಟ ಮೇಲೆ ಬಾಲಾಜಿಯ ಅಂಗಡಿಗೆ ಹೋದೆ. ಮೊದಲು ಹೆಸರಿನ ಮೇಲೆ ಒತ್ತಿದರೆ ಸಾಕು, ಮದ್ದು ತಾನಾಗಿ ಹೋಗಿ ಸೇರುತ್ತಿತ್ತು. ಈಗ ಅದನ್ನು ಬಟ್ಟಲಿನಲ್ಲಿ ಹಿಡಿದು ಎಸೆಯಬೇಕು. ಎದುರಿನವನು ಸರಿದರೆ ಬಟ್ಟಲು ನೆಲಕ್ಕೆ ಬಿದ್ದು ಚೂರಾಗುತ್ತದೆ. ಯಾರ್‍ಯಾರದೋ ಗುಂಪು ಸೇರಿದೆ, ಯಾರನ್ನೂ ಉಳಿಸಲಾಗದೆ ಬೈಸಿಕೊಂಡೆ. ಯಾವ ಭಾಷೆಯ ಬೈಗುಳವೋ ತಿಳಿಯಲಿಲ್ಲ. ಅವರಾರೂ ಬೇರೇನನ್ನೂ ಬರೆಯುತ್ತಿರಲಿಲ್ಲ. ಎರಡು ಕೈಯೂ ಏಟಿನಲ್ಲೇ ಇರುವಾಗ ಮಾತು ಬರೆಯುವುದಾದರೂ ಹೇಗೆ? ಕೋಟೆ ತುಂಬ ಜನ, ಎಲ್ಲರೂ ಓಡುವವರೇ.

ಶುಕ್ರವಾರ ಸಂಜೆ ಕೊಟ್ರಪ್ಪನೂ ಬಂದ. ಪರದೆಯಲ್ಲಿ ಅವನು ಗೊಂಬೆಯ ಹಾಗೆ ನಿಂತಿರುತ್ತಿದ್ದ, ಥಟ್ಟನೆ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಿದ್ದ. ನಾನು ಎಸೆದ ಬಟ್ಟಲೆಲ್ಲ ಒಡೆದವು. ಬಾಲಾಜಿ ಹಿಂದೆ ಬಂದು ನಿಂತು ನೋಡಿದ. ತಮಾಷೆ ಮಾಡುತ್ತಾನೆಂದುಕೊಂಡೆ. ಮಾಡಲಿಲ್ಲ.

"ಅವ್ರದ್ದು ಸ್ಲೋ ಲೈನು ಮೇಡಂ. ನಿಮಗೆ ಕಾಣ್ತಿರೋದು ಆಗ್ಲೇ ಆಗ್ಹೋಗಿರೋದು. ಅವ್ರೀಗ ಅಲ್ಲಿಲ್ಲ."

ಹಾಗಾದರೆ ಎಲ್ಲಿಗೆ ಎಸೆಯಲಿ ಎಂದೆ.

"ಅವ್ರು ಎಲ್ಲಿರ್ತಾರೆ ಅಂತ ನಿಮಗೇ ಗೊತ್ತಿರ್ಬೇಕು. ಇಷ್ಟು ದಿನ ಜೊತೇಲಿ ಆಡಿದೀರಲ್ಲ."

ರೂಮಿಗೆ ಬಂದು ಗೌರಿಯ ಹಾಸಿಗೆಯ ಅಂಚಿನಲ್ಲಿ ಕೂತು ಯೋಚಿಸಿದೆ. ನನಗೆ ಗೊತ್ತಿತ್ತು. ಕೊಟ್ರಪ್ಪ ಎರಡು ಏಟು ಹಾಕಿದರೆ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಾನೆ. ಗದೆ ತಿಂದ ಮೇಲೆ ಹಿಂದಕ್ಕೆ ಹೋಗುವುದಿಲ್ಲ, ಮುಂದಕ್ಕೇ ಒತ್ತುತ್ತಾನೆ. ಮರಳು ಸುರಿಯುತ್ತಿದ್ದ ಆ ಬಿಡುವುಗಳಲ್ಲಿ, ಕಥೆ ಬರೆಯುತ್ತ ಬರೆಯುತ್ತ, ಇದನ್ನೆಲ್ಲ ನೋಡಿಟ್ಟುಕೊಂಡಿದ್ದೆ.

ಭಾನುವಾರ ಮಧ್ಯಾಹ್ನ ಏಳನೆಯ ಬಾಗಿಲ ಮುಂದೆ ನಿಂತೆವು. ಇನ್ನು ಮಾತಾಡೋಕಾಗಂಗಿಲ್ಲಕ್ಕಾ ಎಂದು ಬರೆದು ಅವನು ಗುರಾಣಿ ಎತ್ತಿದ.

ರಕ್ಕಸ ಗದೆಯನ್ನು ನೆಲಕ್ಕೂರಲೇ ಇಲ್ಲ. ಏಟಿನ ಮೇಲೆ ಏಟು. ನಾನು ಕೊಟ್ರಪ್ಪನ ಏಟು ಎಣಿಸಿದೆ, ಅವನು ನಿಂತಂತೆ ಕಾಣುತ್ತಿದ್ದ ಜಾಗ ಬಿಟ್ಟು ಎಡಕ್ಕೆ, ಬರಿಯ ನೆಲದ ಮೇಲೆ ಬಟ್ಟಲು ಎಸೆದೆ. ಅದು ಗಾಳಿಯಲ್ಲಿರುವಾಗಲೇ ಅವನು ಅಲ್ಲಿ ಮೂಡಿದ. ಮದ್ದು ಮೈತುಂಬ ಹರಿಯಿತು. ಇನ್ನೊಂದು ಎಸೆದೆ, ಮುಂದಕ್ಕೆ. ಅದೂ ಸೇರಿತು. ಅವನು ಇಲ್ಲದ ಕಡೆಗೆಲ್ಲ ಎಸೆಯುತ್ತಲೇ ಹೋದೆ. ನಾನು ಒಂದಕ್ಷರ ಬರೆಯಲಿಲ್ಲ, ಅವನೂ ಬರೆಯಲಿಲ್ಲ. ಅಷ್ಟು ಹತ್ತಿರವಿದ್ದೂ ಅವನು ಅತ್ತಿಬೆಲೆಯಲ್ಲಿ ಉಸಿರು ಬಿಗಿಹಿಡಿದಿದ್ದಾನೋ, ನಗುತ್ತಿದ್ದಾನೋ ತಿಳಿಯುವಂತಿರಲಿಲ್ಲ.

ಕೊನೆಗೆ ರಕ್ಕಸನ ಎದೆಯಲ್ಲಿ ಒಂದೇ ಕಲ್ಲು ಉಳಿಯಿತು. ಅವನು ತಿರುಗಿ ಗದೆಯನ್ನು ನನ್ನ ಮೇಲೆ ಬೀಸಿದ. ನನ್ನ ಜೀವವೂ ಗೆರೆಯಷ್ಟಾಯಿತು, ಕೊಟ್ರಪ್ಪನದೂ ಅಷ್ಟೇ ಇತ್ತು. ಬಟ್ಟಲು ಒಂದೇ ಉಳಿದಿತ್ತು. ನಿಮಗೆ ಹಾಕ್ಕೊಳಿ ಎಂದು ಬಾಲಾಜಿ ಹಿಂದಿನಿಂದ ಹೇಳಿದ. ನಾನು ಎಡಕ್ಕೆ ಎಸೆದೆ.

ಎರಡನೆಯ ಗದೆಗೆ ನಾನು ಬಿದ್ದೆ. ನನ್ನ ಪರದೆ ಬೂದಿಬಣ್ಣಕ್ಕೆ ತಿರುಗಿತು. ಆ ಬೂದಿಯಲ್ಲೇ ಕೊಟ್ರಪ್ಪ ಕೊನೆಯ ಏಟು ಹಾಕಿದ್ದು, ರಕ್ಕಸ ಜಲ್ಲಿಯಾಗಿ ಕುಸಿದದ್ದು ಕಾಣಿಸಿತು. ಬಾಗಿಲು ತೆರೆಯಿತು. ಬಿದ್ದವರು ಅದನ್ನು ದಾಟುವಂತಿಲ್ಲ, ನಿಂತವರಿಗಷ್ಟೇ ದಾರಿ. ಅದೂ ಸ್ವಲ್ಪ ಹೊತ್ತು.

ಅವನು ಬಿದ್ದಿದ್ದ ನನ್ನ ಪಕ್ಕ ಬಂದು ನಿಂತ. ಈಗ ಕೈ ಬಿಡುವಾಗಿತ್ತು.

"ನಿನ್ನ ಬಿಟ್ಟು ಹೆಂಗ ಹೋಗ್ಲಿ?"

"ನಡಿ," ಎಂದು ಬರೆದೆ. "ಬಾಗಲಾ ಮುಚ್ಚತೈತಿ."

ಅವನ ಗೊಂಬೆ ನನ್ನ ಪಕ್ಕದಲ್ಲೇ ನಿಂತಿತ್ತು. ನಿಜವಾಗಿ ನಿಂತಿದ್ದಾನೋ ಅಥವಾ ಆಗಲೇ ಹೊರಟುಹೋಗಿದ್ದಾನೋ, ನೋಡಿ ತಿಳಿಯುವ ಹಾಗಿರಲಿಲ್ಲ. ಬಾಗಿಲ ರೆಕ್ಕೆಗಳು ಹತ್ತಿರವಾಗುತ್ತ ಬಂದವು. ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಬೆಳಕು ಉಳಿದಿತ್ತು. ಆಗ ನನ್ನ ಪಕ್ಕದ ಜಾಗ ಖಾಲಿಯಾಯಿತು. ಗುರಾಣಿ ಬೆನ್ನಿಗೆ ಹಾಕಿಕೊಂಡ ಕೊಟ್ರಪ್ಪ ಹೊಸಿಲಿನಾಚೆ ಕಾಣಿಸಿದ. ಬಾಗಿಲು ಮುಚ್ಚಿಕೊಂಡಿತು.

"ದಾಟಿದೆ ಅಕ್ಕಾ," ಎಂದು ಬಂತು.