ಗಬ್ರಿಯೇಲನ ಬಲಗೈ

ಸನತ್‌ನಗರದ ಕನ್ನಡ ಕ್ರೈಸ್ತ ಸಭೆಯವರು ಕ್ರಿಸ್ಮಸ್ ಹಿಂದಿನ ಸಂಜೆ ಆಡುವ ನಾಟಕದಲ್ಲಿ ಸುಭದ್ರಾ ಹನ್ನೊಂದು ವರ್ಷ ಕುರಿ ಕಾದವಳು. ಒಂದು ಕಂಬಳಿ, ಒಂದು ಕೋಲು, ದೇವದೂತ ಬಂದಾಗ ಬೆಚ್ಚಿ ಬೀಳುವ ಕೆಲಸ. ಬೆಚ್ಚಿ ಬೀಳುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ ಬಿಡಿ. ಆದರೆ ಹನ್ನೊಂದು ವರ್ಷ ಬೆಚ್ಚಿ ಬಿದ್ದವಳಿಗೆ ಒಮ್ಮೆಯಾದರೂ ಆ ಸಂತೋಷದ ಸುದ್ದಿಯನ್ನು ತಾನೇ ಹೇಳಬೇಕು ಅನ್ನಿಸದೆ ಇರುತ್ತದೆಯೇ?

ಈ ವರ್ಷ ಅವಳೇ ಗಬ್ರಿಯೇಲ! ಪಾತ್ರ ಸಿಕ್ಕಿದ್ದು ಯಾರ ಪ್ರೀತಿಯಿಂದಲೂ ಅಲ್ಲ, ಹಗ್ಗದಿಂದ. ನಾಟಕ ಆಡಿಸುವ ಕಾಶಿನಾಥ ಮಾಸ್ತರರಿಗೆ ಈ ಸಲ ದೇವದೂತ ನಡೆದು ಬರಬಾರದು, ಆಕಾಶದಿಂದಲೇ ಇಳಿಯಬೇಕು ಎಂಬ ಹುಕಿ ಬಂದಿತ್ತು. ಮೂರು ವರ್ಷದಿಂದ ಗಬ್ರಿಯೇಲನಾಗುತ್ತಿದ್ದ ಅವರ ತಂಗಿಯ ಮಗಳು ವಿಜಯಶ್ರೀ ಆಫೀಸಿನಿಂದ ನೇರ ಬಂದವಳು ಹಗ್ಗ ನೋಡಿದಳು, ಬೆಲ್ಟು ನೋಡಿದಳು, "ಮಾಮಾ, ನನ್ನ ಕೈಲೆ ಆಗೂದಿಲ್ಲ" ಎಂದು ಕುರ್ಚಿಯಲ್ಲಿ ಕೂತುಬಿಟ್ಟಳು. ಎತ್ತರಕ್ಕೆ ಅಂಜದವರು ಇಡೀ ಸಭೆಯಲ್ಲಿ ಕಟ್ಟಡದ ಕೆಲಸದವರು ಮಾತ್ರ.

ಕೊಂಡಾಪುರದಲ್ಲಿ ಇಪ್ಪತ್ತೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿತ್ತಲ್ಲ, ಅಲ್ಲಿ ಇಟ್ಟಿಗೆ ಎತ್ತುವ ಮೋಟಾರಿಗೆ ಕೈಸನ್ನೆ ಕೊಡುವವಳು ಸುಭದ್ರಾ. ಮೋಟಾರು ನಡೆಸುವವನು ಅವಳ ಹಾಗೇ ಭಾಲ್ಕಿ ಕಡೆಯ ವಿಜಯಕುಮಾರ. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಸೈಟು ಯಾವುದೇ ಇರಲಿ, ಎಂಟು ವರ್ಷದಿಂದ ಅವನು ಅವಳ ಕೈಯನ್ನು ನೋಡಿಯೇ ಕೆಲಸ ಮಾಡಿದವನು. ಹಬ್ಬದ ರಜೆಗೆಂದು ಅದೇ ಮೋಟಾರನ್ನು ಬೇಡಿ ತಂದು, ಚರ್ಚಿನ ಅಂಗಳದಲ್ಲಿ ಕಬ್ಬಿಣದ ಪೈಪುಗಳ ಅಟ್ಟ ಕಟ್ಟಿ, ಪರದೆಯ ಹಿಂದೆ ಅವನನ್ನು ಕೂರಿಸಿದ್ದರು.

ಮಾಸ್ತರರು ಅವಳಿಗೆ ಪಾಠ ಹೇಳಿದ್ದೇ ಹೇಳಿದ್ದು. "ದೇವದೂತರೊಳಗ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಅದ ನೋಡವ್ವ. ಮಿಕಾಯೇಲ ಸೈತಾನನ ಕೂಡ ಯುದ್ಧ ಮಾಡ್ತಾನ. ಕೆರೂಬಿಗಳು ಏದೆನ್ ತೋಟದ ಬಾಗಿಲು ಕಾಯ್ತಾರ. ಸೆರಾಫಿಗಳು ರೆಕ್ಕಿಲೆ ಮುಖ ಮುಚ್ಚಿಗೊಂಡು ದೇವರ ಮುಂದ ಹಾಡ್ತಾರ. ಗಬ್ರಿಯೇಲಂದು ಸುದ್ದಿ ಮುಟ್ಟಿಸೂದು."

"ಹಂಗಾರ ನಮ್ಮ ಸೈಟಿನಂಗ ಐತ್ರಿ" ಎಂದಳು ಸುಭದ್ರಾ. "ವಾಚ್‌ಮನ್ ಬ್ಯಾರೆ, ಮೇಸ್ತ್ರಿ ಬ್ಯಾರೆ. ಗಬ್ರಿಯೇಲ ಸಿಗ್ನಲ್‌ದಾಂವ."

ಮಾಸ್ತರರಿಗೆ ಈ ಹೋಲಿಕೆ ಹಿಡಿಸಲಿಲ್ಲ. "ಸೈಟು ಗೀಟು ಮರೀ. ಬಲಗೈ ಎತ್ತಿ, ಬೆರಳು ಆಕಾಶಕ್ಕ ಮಾಡಿ, ಆಮ್ಯಾಲ ಮಾತು ಹೇಳಬೇಕು. ಚಿತ್ರದಾಗ ಹಂಗ ಇರ್ತದ. ಒಂದು ಶಬ್ದ ತಪ್ಪಿದರೂ ವಿಜಯಶ್ರೀ ಮೈಕಿನಾಗ ಹೇಳ್ತಾಳ, ನೀ ಸುಮ್ಮ ಜೋತಾಡು."

ಎತ್ತರದಲ್ಲಿ ಗೊಂಬೆಯ ಹಾಗೆ ನೇತಾಡುವುದಕ್ಕಿಂತ ನೆಲದಲ್ಲಿ ಕಂಬಳಿ ಹೊದ್ದು ಕೂರುವುದೇ ಮರ್ಯಾದೆ. ಹದಿನೈದು ದಿನ ಸುಭದ್ರಾ ಬಸ್ಸಿನಲ್ಲಿ, ನಲ್ಲಿಯ ಸಾಲಿನಲ್ಲಿ, ರೊಟ್ಟಿ ಬಡಿಯುತ್ತ ಆ ನಾಲ್ಕು ಸಾಲು ಬಾಯಿಪಾಠ ಮಾಡಿದಳು. ಮಾತು ಮತ್ತು ಕೈಯ ತಾಲೀಮು ನೆಲದ ಮೇಲೆ ನಡೆಯಿತು. ಹಗ್ಗದ ತಾಲೀಮು ನಾಟಕದ ದಿನ ಮಧ್ಯಾಹ್ನ ಒಮ್ಮೆ, ಬಾಯಿ ಮುಚ್ಚಿಕೊಂಡು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಸಂಜೆ ಆರಕ್ಕೆ ಅಂಗಳ ತುಂಬಿ ತುಳುಕುತ್ತಿತ್ತು. ಕುರಿ ಕಾಯುವವರಾಗಿ ಮೌನಪ್ಪ, ಮಲ್ಲಣ್ಣ, ಇನ್ನಿಬ್ಬರು ಗಾರೆಯವರು ಬೆಂಕಿ ಸುತ್ತ ಕೂತಿದ್ದರು. ಅಟ್ಟದ ಕೆಳಗೆ ಒಂದು ಮೂಲೆಯಲ್ಲಿ, ಹುಲ್ಲು ಹಾಸಿದ ಗೋದಲಿಯಲ್ಲಿ ಮೌನಪ್ಪನ ತಿಂಗಳ ಕೂಸೇ ಬಾಲಯೇಸು. ದೀಪ ಹತ್ತಿತು, ಬಿಳಿ ಸೀರೆಯ ರೆಕ್ಕೆ ಬಿಚ್ಚಿಕೊಂಡು ಸುಭದ್ರಾ ಮೇಲಿನಿಂದ ಇಳಿದಳು ನೋಡಿ! ಮಕ್ಕಳು ಕಿರುಚಿದವು, ಮುದುಕಿಯರು ಕೈ ಜೋಡಿಸಿದರು. ನೆಲಕ್ಕೆ ಆಳುದ್ದ ಇರುವಾಗ ಹಗ್ಗ ನಿಂತಿತು. ಅವಳು ಬಲಗೈ ಎತ್ತಿ, ಬೆರಳು ಆಕಾಶಕ್ಕೆ ಮಾಡಿ, "ಹೆದರಬೇಡಿರಿ!" ಎಂದಳು.

ಅಷ್ಟೇ. ಗುರ್ರೆಂದು ಮೋಟಾರು ಶುರುವಾಗಿ ಗಬ್ರಿಯೇಲ ಬಂದ ದಾರಿಯಲ್ಲೇ ವಾಪಸು ಹೊರಟ.

ಸೈಟಿನಲ್ಲಿ ಬೆರಳು ಮೇಲೆ ಮಾಡಿದರೆ ಎತ್ತು ಎಂದು ಅರ್ಥ. ಪರದೆಯ ತೂತಿನಿಂದ ವಿಜಯಕುಮಾರ ಅವಳ ಕೈಯನ್ನೇ ನೋಡುತ್ತಿದ್ದ. ಅವನದೇನು ತಪ್ಪು? "ಏ, ಎಲ್ಲಿಗೆ ಹೊಂಟೆವ್ವಾ?" ಎಂದ ಮಲ್ಲಣ್ಣ, ಪಾತ್ರ ಮರೆತು. ಅಂಗಳವೆಲ್ಲ ಗೊಳ್ಳೆಂದಿತು. ಸುಭದ್ರಾ "ವಿಜಯಕುಮಾರಾ, ಇಳಸೋ!" ಎಂದು ಕೂಗಿದಳು. ಮೋಟಾರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು! ಕೆಳಗೆ ಮಾಸ್ತರರು ತಲೆ ಚಚ್ಚಿಕೊಂಡು ವಿಜಯಶ್ರೀಗೆ ಹೇಳು ಹೇಳು ಎಂದು ಸನ್ನೆ ಮಾಡುತ್ತಿದ್ದರು. ಆ ಹುಡುಗಿ ಮೈಕು ಬಾಯಿಗೆ ತಂದದ್ದೂ ಕಂಡಿತು. ಹನ್ನೊಂದು ವರ್ಷ ಕಾದ ಮಾತು ಕಣ್ಣೆದುರೇ ಇನ್ನೊಬ್ಬರ ಬಾಯಿಗೆ ಹೋಗುತ್ತಿತ್ತು. ಅಳು ಬಂತು, ಸಿಟ್ಟೂ ಬಂತು.

ಸಿಟ್ಟಿನಲ್ಲಿ ಅವಳ ಕೈ ತನ್ನ ಕೆಲಸ ತಾನೇ ನೆನಪಿಸಿಕೊಂಡಿತು. ಅಂಗೈ ಅಡ್ಡ ಚಾಚಿದಳು. ಮೋಟಾರು ಗಕ್ಕನೆ ನಿಂತಿತು. ತೋಳನ್ನು ಕೆಳಗೆ ಬಿಟ್ಟು, ಬೆರಳನ್ನು ನೆಲಕ್ಕೆ ತೋರಿಸಿ ಗಿರಗಿರ ತಿರುಗಿಸಿದಳು. ಇಳಿಸು! ಹಗ್ಗ ಇಳಿಯತೊಡಗಿತು. ದೇವದೂತನ ಬೆರಳು ನೆಲ ತೋರಿಸುವುದನ್ನು ಯಾರು ಕಂಡಿದ್ದರು? ನಗು ಒಮ್ಮೆಲೇ ಅಡಗಿ, ಎಲ್ಲರೂ ಅವಳು ತೋರಿಸಿದ ಕಡೆ ತಿರುಗಿದರು. ಅಲ್ಲಿ ಗೋದಲಿ ಇತ್ತು, ಕೂಸು ಕಾಲು ಒದೆಯುತ್ತಿತ್ತು.

ಸುಭದ್ರಾಳಿಗೂ ಅದು ಆಗಲೇ ಕಂಡಿತು. ಬಾಯಿಪಾಠದ ನಾಲ್ಕು ಸಾಲೂ ಎಲ್ಲಿಗೋ ಹಾರಿಹೋದವು.

"ಮ್ಯಾಲ ಏನ್ ನೋಡ್ತೀರಿ, ಕೆಳಗ ನೋಡ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದಳು. "ದೇವರು ಮ್ಯಾಲಿಲ್ಲ, ಇಳದು ಬಂದಾನ! ನಿಮ್ಮ ನಡುವ, ನಿಮ್ಮ ಮಣ್ಣಾಗ, ಕೂಸಾಗಿ ಮಲಗ್ಯಾನ! ಓಡ್ರಿ!"

ಕುರಿ ಕಾಯುವವರಿಗೆ ಇಲ್ಲಿ ಎರಡು ಸಾಲು ಮಾತಿತ್ತು. ಯಾರೂ ಆಡಲಿಲ್ಲ. ನಾಲ್ವರು ಗಾರೆಯವರೂ ಎದ್ದು ಕಂಬಳಿ ಬಿಸಾಕಿ ನಿಜವಾಗಿಯೇ ಓಡಿದರು. ವಿಜಯಶ್ರೀ ಮೈಕು ಕೆಳಗಿಟ್ಟು ನಿಂತುಬಿಟ್ಟಿದ್ದಳು. ಮುಂದಿನ ಸಾಲಿನ ಮುದುಕಿಯರು ಎದ್ದರು, ಮಕ್ಕಳು ಎದ್ದವು.

ಸುಭದ್ರಾಳ ಕಾಲು ನೆಲಕ್ಕೆ ತಾಗಿತು. ನಾಟಕದ ಪ್ರಕಾರ ಅವಳೀಗ ಆಕಾಶಕ್ಕೆ ಮರಳಬೇಕು. ಅವಳೋ ಬೆಲ್ಟಿನ ಕೊಂಡಿ ಕಳಚಿ, ರೆಕ್ಕೆ ಬಾಚಿ ಹೆಗಲಿಗೆ ಹಾಕಿಕೊಂಡು ಜನರ ನಡುವೆ ನುಗ್ಗಿದಳು.

"ಏ ಸುಭದ್ರವ್ವ, ನಿನ್ನ ಕೆಲಸ ಮುಗೀತು, ಮ್ಯಾಲ ಹೋಗು!" ಎಂದು ಮಾಸ್ತರರು ಕೂಗಿದರು.

"ಏ, ಸರೀರಿ ಮಾಸ್ತರ!" ಎಂದಳು ಗಬ್ರಿಯೇಲ, ಮೌನಪ್ಪನ ಹೆಗಲು ಸರಿಸಿ ಇಣುಕುತ್ತ. "ಹೇಳಿದಾಕಿ ನಾನು. ನಾ ಒಂದೀಟ ನೋಡಬ್ಯಾಡೇನ?"