ಶನಿವಾರವೆಂದರೆ ಸೋಮವಾರ

ನಾನು ಒಂದು ತಗಡಿನ ಹಲಗೆ. ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಹುಟ್ಟಿದೆ. ಹಸಿರು ಬಣ್ಣ ಬಳಿದು, ಬಿಳಿ ಗೆರೆ ಎಳೆದು, ಯೋಜನಾ ಕಚೇರಿಯ ಗೋಡೆಗೆ ಬೋಲ್ಟು ಬಿಗಿದರು. ಕುಲುಮೆಯಲ್ಲಿ ಒಮ್ಮೆಗೆ ಕಾಯುವ ಉಕ್ಕಿಗೆ ಇಲ್ಲಿ ‘ಹೀಟು’ ಎನ್ನುತ್ತಾರೆ. ಒಂದು ಹೀಟಿಗೆ ನನ್ನ ಮೈಮೇಲೆ ಒಂದು ಚೀಟಿ. ಅದರಲ್ಲಿ ಮಾಲು ಹೊರಡಬೇಕಾದ ದಿನ. ಒಂದೇ ಬಗೆಯ ಹೀಟುಗಳು ಸಾಲಾಗಿ ಬರಬೇಕು. ನಡುವೆ ಬೇರೆಯದು ನುಗ್ಗಿದರೆ ಎರಡೂ ಬೆರೆತು ಕೆಡುತ್ತವೆ. ಹಾಗಾಗಿ ಸಾಲು ಮುರಿಯುವುದೆಂದರೆ ಎಲ್ಲರಿಗೂ ತಲೆನೋವು.

ನನ್ನ ಯಜಮಾನರು ಚೀಟಿಗಳ ಸಾಲು ಜೋಡಿಸುವ ಪಂಪಾಪತಿ. ನನ್ನನ್ನು ತಗ್ಗಿನಲ್ಲಿ ಬಿಗಿದಿದ್ದರಿಂದ ಅವರ ಹೊಟ್ಟೆಯ ಪರಿಚಯವೇ ನನಗೆ ಹೆಚ್ಚು. ನನ್ನ ಮೇಲಿನ ದಿನ ಯಾವುದೂ ನಿಜವಲ್ಲವೆಂದು ಕಲಿತದ್ದು ಅವರಿಂದ. ಸೋಮವಾರ ಬೇಕಾದ ಮಾಲಿಗೆ ಮಾರಾಟದವರು ಶನಿವಾರ ಎಂದು ಬರೆಯುತ್ತಾರೆ. ಕುಲುಮೆಯವರು ಅದನ್ನು ಸೋಮವಾರ ಎಂದೇ ಓದುತ್ತಾರೆ. ಮಾಲು ಸರಿಯಾಗಿ ಹೊರಡುತ್ತದೆ.

ಮಾರಾಟಕ್ಕೆ ನಾಗವೇಣಿ ಹೊಸದಾಗಿ ಬಂದಳು. ಅವಳ ಊರು ಕಾಲುವೆಯ ಕೊನೆಯಲ್ಲಿ. ಅಲ್ಲಿಯ ತೂಬಿನ ಬಾಗಿಲು ತುಕ್ಕು ಹಿಡಿದು ಹೋಗಿತ್ತು. ಹೊಸದಕ್ಕೆ ಉಕ್ಕಿನ ಹಾಳೆ ಬೇಕು. ಗುರುವಾರ ಕಾಲುವೆಗೆ ನೀರು. ಶನಿವಾರ ಹಾಳೆ ಹೊರಟರೆ ಅಷ್ಟರೊಳಗೆ ಬೆಸುಗೆ ಮುಗಿಯುತ್ತದೆ. ತಪ್ಪಿದರೆ ಊರಿಗೆ ಆ ಬೆಳೆಗೆ ನೀರಿಲ್ಲ. ಅಣ್ಣ ತಿಪ್ಪೇಶನಿಗೆ ಮಾತು ಕೊಟ್ಟಿದ್ದಳು. ಚೀಟಿಯಲ್ಲಿ ಶನಿವಾರ ಎಂದು ಬರೆದಳು.

“ಇದು ಖರೇ ಶನಿವಾರ, ಸಾರ್.”

ಪಂಪಾಪತಿಯವರ ಹೊಟ್ಟೆ ನಗೆಯಿಂದ ಕುಲುಕಿತು. “ಎಲ್ಲಾರೂ ಹಂಗೇ ಅಂತಾರಮ್ಮ. ನಿನ್ನ ಹಿಂದಿದ್ದೋನು ಹೆಂಡ್ತಿ ಮಕ್ಕಳ ಮ್ಯಾಲೆ ಆಣೆ ಇಡ್ತಿದ್ದ.”

“ನಾನು ಸುಳ್ಳು ಬರಿಯೋಳಲ್ಲ.”

“ಸುಳ್ಳು ಅಂದೋರ್ಯಾರು? ಪದ್ಧತಿ.”

ಚೀಟಿಯನ್ನು ಬೇರೆ ಬಗೆಯ ಹೀಟುಗಳ ಹಿಂದೆ ಸರಿಸಿದರು. ನನಗೆ ಕೈಯಿಲ್ಲ, ಇದ್ದರೂ ಏನೂ ಮಾಡುತ್ತಿರಲಿಲ್ಲವೇನೋ.

ಶನಿವಾರ ಹಾಳೆ ಒಯ್ಯಲು ಬಂದ ಲಾರಿ ಚಾಲಕ ಖಾದರ್‌ಬಾಷಾ ಬಾಗಿಲಲ್ಲಿ ಇಣುಕಿದ. “ಎಲೆ ಹಾಕಿ ಕುಂದ್ರಿಸೀರಿ, ಅನ್ನ ಎಲ್ಲೈತ್ರಿ?” ಹಾಳೆಗಳು ಹೊರಟದ್ದು ಸೋಮವಾರ. ವಾರದ ಸಭೆಯಲ್ಲಿ ಆ ಮಾಲನ್ನು ‘ಸಮಯಕ್ಕೆ ಸರಿಯಾಗಿ’ ಹೋದದ್ದರಲ್ಲಿ ಸೇರಿಸಿದರು.

ಗುರುವಾರ ತಿಪ್ಪೇಶನ ಫೋನು ಬಂತು. ನಾಗವೇಣಿ ನನಗೆ ಒರಗಿ ನಿಂತು ಕೇಳಿದಳು.

“ನೀರು ಬಂತವ್ವ. ನಿಲ್ಲಾಕ ಬಾಗಿಲಿಲ್ಲ. ಸೀದಾ ಹಳ್ಳಕ್ಕೆ ಹೋತು.”

“ಹೂಂ.”

“ಉಂಡೆಯಾ?”

“ಹೂಂ ಅಣ್ಣ.”

ಮುಂದಿನ ಆರ್ಡರಿನಲ್ಲಿ ಶನಿವಾರ ಬೇಕಿದ್ದ ಮಾಲಿಗೆ ಅವಳು ಗುರುವಾರ ಎಂದು ಬರೆದಳು. “ಈಗ ದಾರಿಗೆ ಬಂದಿ ನೋಡು,” ಎಂದರು ಪಂಪಾಪತಿ, ಪ್ರೀತಿಯಿಂದಲೇ.

ಆಮೇಲೆ ಕಂಪ್ಯೂಟರ್ ಬಂತು. ಅದೂ ಮಾರಾಟದವರು ಕೊಟ್ಟ ದಿನಗಳನ್ನೇ ನುಂಗುತ್ತದಂತೆ. ನನ್ನ ಬೋಲ್ಟು ಬಿಚ್ಚಿ ಗುಜರಿ ಅಂಗಳಕ್ಕೆ ಹಾಕಿದರು. ಬಿಸಿಲಾದರೂ ಮಳೆಯಾದರೂ ನನಗೀಗ ಅಂಥ ವ್ಯತ್ಯಾಸವಿಲ್ಲ. ಒಮ್ಮೊಮ್ಮೆ ಮುದುಕನಾದ ಖಾದರ್‌ಬಾಷಾ ನನ್ನ ಮೇಲೆ ಕೂತು ಬೀಡಿ ಸೇದುತ್ತಾನೆ. ನಾಗವೇಣಿಯ ಊರಿನ ಮೇಲೆ ಹಾದು ಬಂದನಂತೆ. ಮರುವರ್ಷ ತೂಬಿಗೆ ಬೇರೆ ಅಳತೆಯ ಬಾಗಿಲು ಕೂರಿಸಿದ್ದಾರೆ. ನಮ್ಮ ಹಾಳೆಗಳನ್ನು ಚಹದಂಗಡಿಯ ಮುಂದಿನ ಚರಂಡಿಗೆ ಮುಚ್ಚಿದ್ದಾರೆ, ಬೈಕುಗಳು ದಡಬಡ ದಾಟುತ್ತವೆ.

“ಮಾಲು ಮಾತ್ರ ಗಟ್ಟಿ,” ಎಂದ.

ಅದರ ಬಗ್ಗೆ ಯಾರೂ ಎಂದೂ ದೂರಿರಲಿಲ್ಲ.