ಬಿಟ್ಟ ಜಡೆ

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ‘ಭೂಮಿಕಾ ಬ್ಯೂಟಿ ಪಾರ್ಲರ್’ ಎಂಬ ಗುಲಾಬಿ ಬಣ್ಣದ ಬೋರ್ಡಿದೆ. ಅಲ್ಲಿ ಭೂಮಿಕಾ ಎಂಬುವವಳು ಯಾರೂ ಇಲ್ಲ. ನಡೆಸುವವಳು ಹುಲಿಗೆಮ್ಮ. ಆ ಹೆಸರನ್ನು ಬೋರ್ಡಿಗೆ ಬರೆಸಿದರೆ ಮದುಮಗಳು ಯಾವಳು ಒಳಗೆ ಕಾಲಿಟ್ಟಾಳು? ಹುಲಿಗೆಮ್ಮನ ಹೆಸರಿನ ಮುಂದೆ ಅಪ್ಪನ ಹೆಸರಿಲ್ಲ, ಅವ್ವ ಪಕ್ಕೀರಮ್ಮನದೇ ಇದೆ. ಪಕ್ಕೀರಮ್ಮನನ್ನು ಎಳೆಯ ಹುಡುಗಿಯಾಗಿದ್ದಾಗಲೇ ದೇವಿಗೆ ಬಿಟ್ಟಿದ್ದರು. ಯಾಕೆ ಬಿಟ್ಟರು ಅಂದರೆ, ಅವಳ ತಲೆಯಲ್ಲಿ ಜಡೆ ಬಿಟ್ಟಿತ್ತು.

ನಮ್ಮ ಕಡೆ ಹಾಗೆ. ಕೂದಲು ಗಂಟುಗಟ್ಟಿ ಬಾಚಣಿಗೆ ಇಳಿಯದಂತಾದರೆ ಅದು ಸಿಕ್ಕಲ್ಲ, ದೇವಿಯ ಕರೆ. ಕಂಡ ದಿನದಿಂದ ಅದಕ್ಕೆ ಎಣ್ಣೆ ಹಚ್ಚುವಂತಿಲ್ಲ, ಬಾಚಣಿಗೆ ತಾಕಿಸುವಂತಿಲ್ಲ, ಕತ್ತರಿಯ ಮಾತಂತೂ ಎತ್ತುವಂತೆಯೇ ಇಲ್ಲ. ಭಂಡಾರದ ಅರಿಸಿನ ಹಚ್ಚಿ ಕೈ ಮುಗಿಯಬೇಕು, ಅಷ್ಟೆ. ಎಣ್ಣೆ, ಬಾಚಣಿಗೆ ಎರಡನ್ನೂ ಕಾಣದ ಕೂದಲು ಇನ್ನೇನಾದೀತು, ನೀವೇ ಹೇಳಿ! ಪಕ್ಕೀರಮ್ಮನ ಜಡೆ ಬೆಳೆದು ಬೆನ್ನ ಮೇಲೆ ಹಗ್ಗದಂತೆ ಇಳಿಯಿತು. ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿದರು, ಮದುವೆಯ ಮಾತು ಮುಗಿಯಿತು. ಮಂಗಳವಾರ, ಶುಕ್ರವಾರ ಬುಟ್ಟಿ ಹಿಡಿದು ಮನೆ ಮನೆಗೆ ಜೋಗದ ಭಿಕ್ಷೆಗೆ ಹೋಗುವುದಾಯಿತು. ಊರಿನ ಒಬ್ಬ ದೊಡ್ಡ ಮನುಷ್ಯ ಕೆಲವು ವರ್ಷ ಬಂದು ಹೋಗಿ ಕೈಬಿಟ್ಟ. ಹುಲಿಗೆಮ್ಮ ಉಳಿದಳು.

ಈಗ ಆ ಜಡೆಯ ಬುಡದಲ್ಲಿ ಹುಣ್ಣಾಗಿತ್ತು. ಕೀವು ಸೋರಿ ದಿಂಬು ನಾರುತ್ತಿತ್ತು, ಕತ್ತು ಹೊರಳಿಸಲು ಆಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬೇರೆ ಇದೆ, ಜಡೆ ತೆಗೆಯದೆ ಔಷಧ ಹತ್ತುವುದಿಲ್ಲ, ತಡ ಮಾಡಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಪಕ್ಕೀರಮ್ಮ ಜಪ್ಪಯ್ಯ ಅನ್ನಲಿಲ್ಲ. ಕತ್ತರಿ ತಾಕಿದರೆ ರಕ್ತ ಕಾರಿ ಸಾಯುತ್ತೇನೆ, ಹೇಗೂ ಸಾಯುವುದಾದರೆ ಜಡೆಯ ಸಂಗಡವೇ ಹೂಳು ಅಂದಳು. ಹುಲಿಗೆಮ್ಮ ಅತ್ತಳು, ಬೈದಳು, ಊಟ ಬಿಟ್ಟಳು. ಯಾವುದೂ ನಡೆಯಲಿಲ್ಲ.

ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಕಂಪನಿಯವರು ಪಾರ್ಲರಿನವರಿಗೆಲ್ಲ ತರಬೇತಿ ಇಟ್ಟರು. ಗೀತಾಂಜಲಿ ಎಂಬ ಹುಡುಗಿ ಮೈಕು ಹಿಡಿದು ಕಂಡಿಷನರ್ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಿದಳು. ಒರಟಾದ ಕೂದಲಿನ ಮೈಮೇಲೆ ಮೈನಸ್ ಕರೆಂಟು ಇರುತ್ತದಂತೆ. ಎಲ್ಲಿ ಹೆಚ್ಚು ಕೆಟ್ಟಿದೆಯೋ ಅಲ್ಲಿ ಇನ್ನೂ ಹೆಚ್ಚು. ಕಂಡಿಷನರಿನ ಕಣಕ್ಕೆ ಒಂದು ತುದಿ ಪ್ಲಸ್ಸು, ಇನ್ನೊಂದು ತುದಿ ಜಿಡ್ಡು. ಪ್ಲಸ್ಸು ಕೂದಲನ್ನು ಹಿಡಿದುಕೊಂಡರೆ ಜಿಡ್ಡು ಹೊರಮುಖವಾಗಿ ನಿಲ್ಲುತ್ತದೆ, ಆಗ ಎಳೆಯ ಮೇಲೆ ಎಳೆ ಜಾರುತ್ತದೆ. ಶಾಂಪೂ ಕೊಳೆ ಕಿತ್ತುಕೊಂಡು ನೀರಿನ ಜೊತೆ ಹೋಗಿಬಿಡುತ್ತದೆ, ಇದು ತೊಳೆದರೂ ಸ್ವಲ್ಪ ಕೂದಲ ಮೇಲೇ ಉಳಿಯುತ್ತದೆ. ಸವಳು ನೀರಿನಲ್ಲಿ ಸೋಪು ಹಾಕಿದರೆ ಮಾತ್ರ ಗಸಿಗಟ್ಟಿ ಕೂದಲಿಗೆ ಮೆತ್ತಿಕೊಂಡು ಗಂಟು ಬಿಗಿಯುತ್ತದೆ, ಅಂದಳು.

ಹುಲಿಗೆಮ್ಮನ ಕೈಯಲ್ಲಿದ್ದ ಚಹಾ ಹಾಗೇ ಆರಿತು. ಅವ್ವನ ತವರಿನ ಬಾವಿ ಸವಳು. ತಲೆಗೆ ಅರಿವೆ ಸೋಪು ಹಾಕುತ್ತಿದ್ದರು ಎಂದು ಅವ್ವನೇ ಎಷ್ಟು ಸಲ ಹೇಳಿಲ್ಲ! ಇದರಲ್ಲಿ ದೇವಿ ಎಲ್ಲಿಂದ ಬಂದಳು? ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಅವಳಿಗೆ ಹೊಳೆಯಲಿಲ್ಲ. ದೊಡ್ಡ ಬಾಟಲಿಗಳನ್ನು ಕೊಂಡು ಬಸ್ಸು ಹತ್ತಿದಳು.

ಮನೆಗೆ ಬಂದವಳೇ ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಕತ್ರಿ ಮುಟ್ಸಂಗಿಲ್ಲಬೇ ಯವ್ವಾ. ಇದನ್ನ ಹಚ್ಚಿ ಕೈಲೆ ಬಿಡಸ್ತೀನಿ, ಅಷ್ಟ. ತಾಯಿಗೆ ನೀ ಬೇಕಿದ್ರ ಅದು ಬಿಡಂಗಿಲ್ಲ. ಬಿಡ್ತು ಅಂದ್ರ ಆಕಿಗೆ ಬ್ಯಾಡ ಅಂತ ತಿಳಕ.”

ಪಕ್ಕೀರಮ್ಮ ದೇವಿಯ ಪಟದ ಕಡೆ ನೋಡಿದಳು. ಆಮೇಲೆ ಹೂಂ ಅಂದಳು. ಗಂಟು ಬಿಡುವುದಿಲ್ಲ ಎಂಬ ಧೈರ್ಯ ಅವಳದು. ತಾನೆಂಥ ಜಾಣೆ ಎಂದು ಹುಲಿಗೆಮ್ಮ ಒಳಗೊಳಗೇ ಹಿಗ್ಗಿದಳು.

ಗಿರಾಕಿಗಳಿಲ್ಲದ ಮಧ್ಯಾಹ್ನ ಪಾರ್ಲರಿನ ಶಟರ್ ಅರ್ಧ ಎಳೆದು ಕೆಲಸ ಶುರುವಾಯಿತು. ಮೊದಮೊದಲು ಏನೂ ಆಗಲಿಲ್ಲ. ಜಡೆ ಒಣ ತೊಗಟೆಯಂತೆ ಬಿಗಿದುಕೊಂಡೇ ಇತ್ತು. ಪಕ್ಕೀರಮ್ಮನಿಗೋ ಖುಷಿ. ಕನ್ನಡಿಯಲ್ಲಿ ಮಗಳ ಮುಖ ನೋಡಿ, ನಾ ಹೇಳಲಿಲ್ಲವೇ ಎಂದು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಕೊನೆಗೊಂದು ದಿನ ಹುಲಿಗೆಮ್ಮ ಹಣೆ ಹಣೆ ಚಚ್ಚಿಕೊಂಡಳು. ಕೀವಿನ ವಾಸನೆ ಹೋಗಲಿ ಎಂದು ಅವಳು ಪ್ರತಿ ಸಲ ಕೊನೆಗೆ ಶಾಂಪೂ ಹಾಕಿ ತೊಳೆಯುತ್ತಿದ್ದಳು. ಹಿಡಿದುಕೊಂಡದ್ದನ್ನೆಲ್ಲ ಶಾಂಪೂ ಕಿತ್ತುಕೊಂಡು ಹೋಗುತ್ತಿತ್ತು. ಗೀತಾಂಜಲಿ ಇದನ್ನೂ ಹೇಳಿದ್ದಳು, ಸುಡುಗಾಡು ತಲೆಗೆ ಹೊಳೆದಿರಲಿಲ್ಲ.

ಶಾಂಪೂ ಬಿಟ್ಟಳು. ಸವಳು ಬೋರಿನ ನೀರನ್ನೂ ಬಿಟ್ಟು ಕುಡಿಯುವ ನೀರಿನ ಕ್ಯಾನು ತಂದಳು. ಎರಡು ದಿನಕ್ಕೆ ತುದಿ ಮೆತ್ತಗಾಯಿತು. ಬೆರಳಿಗೆ ಮೊದಲು ಸಿಕ್ಕದ್ದು ಅವ್ವ ಎಳೆಯ ಹುಡುಗಿಯಾಗಿದ್ದಾಗಿನ ಕೂದಲು, ಸಣ್ಣಗೆ, ಕೆಂಚಗೆ. ಹುಲಿಗೆಮ್ಮ ಸಂತೋಷಕ್ಕೆ ಕೂಗಿಯೇಬಿಟ್ಟಳು. ಪಕ್ಕೀರಮ್ಮ ನಗಲಿಲ್ಲ. ಅವತ್ತಿನಿಂದ ಕನ್ನಡಿ ನೋಡುವುದನ್ನೂ ಬಿಟ್ಟಳು. ಗಂಟು ಮೇಲಮೇಲಕ್ಕೆ ಬಿಡುತ್ತಾ ಹೋದಂತೆ ಮುದುಕಿಯ ಮಾತು ಕಡಿಮೆಯಾಗುತ್ತಾ ಹೋಯಿತು.

ಒಂದು ಮಂಗಳವಾರ ಬುಡದ ಗಂಟೂ ಬಿಟ್ಟಿತು. ಹುಲಿಗೆಮ್ಮ ಹುಣ್ಣು ತೊಳೆದು ಮುಲಾಮು ಹಚ್ಚಿದಳು. ನೋವು ಕಡಿಮೆ ಆಯಿತೇನೆಂದು ಕೇಳಿದಳು. ಪಕ್ಕೀರಮ್ಮ ಬಾಚಣಿಗೆ ಕೊಡು ಎಂದು ಕೈ ಚಾಚಿದಳು. ತಾನೇ ನೆತ್ತಿಯಿಂದ ಎಳೆದಳು. ಎಲ್ಲಿಯೂ ತಡೆಯದೆ ಅದು ತುದಿಯವರೆಗೆ ಇಳಿಯಿತು. ಇನ್ನೊಮ್ಮೆ ಎಳೆದಳು.

“ಇದು ಅವಾಗ ಇತ್ತೇನಬೇ?” ಎಂದು ಬಾಟಲಿ ತೋರಿಸಿ ಕೇಳಿದಳು.

ಇರಲಿಲ್ಲ ಯವ್ವಾ, ಇದು ಮೊನ್ನೆ ಮೊನ್ನೆ ಬಂದದ್ದು ಎಂದು ಅವ್ವ ನೊಂದಾಳೆಂದು ಹುಲಿಗೆಮ್ಮ ಸುಳ್ಳು ಹೇಳಿದಳು. ಪಕ್ಕೀರಮ್ಮ ಬೆರಳಿಗೆ ಹತ್ತಿದ್ದನ್ನು ಉಜ್ಜಿ ನೋಡಿದಳು, ಮೂಸಿದಳು.

“ಜಾರತೈತಿ, ಅಷ್ಟ. ನಮ್ಮನ್ಯಾಗ ಶೇಂಗಾದೆಣ್ಣಿ ಡಬ್ಬಿ ತುಂಬ ಇರತಿತ್ತು. ನಮ್ಮವ್ವ ಒಂದಿನಾರ ಹಚ್ಚಿ ನೋಡಬೇಕಿತ್ತು.”

ಅಜ್ಜಿ ಅವತ್ತು ಒಂದು ಬೊಗಸೆ ಎಣ್ಣೆ ಸುರಿದಿದ್ದರೆ ಅವ್ವ ಯಾರದೋ ಮನೆಯ ಸೊಸೆಯಾಗಿರುತ್ತಿದ್ದಳು, ತಾನು ಹುಟ್ಟುತ್ತಲೇ ಇರಲಿಲ್ಲ. ಹುಟ್ಟದಿದ್ದರೂ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಹುಲಿಗೆಮ್ಮನಿಗೆ ನಿಜವಾಗಿ ಅನಿಸಿತು. ಯವ್ವಾ, ಹುಣ್ಣು ಮಾಯುತ್ತದೆ, ನೀನು ಬದುಕುತ್ತೀಯ ಎಂದು ತೊದಲಿದಳು.

ಪಕ್ಕೀರಮ್ಮ ಬಾಚಣಿಗೆಯನ್ನು ಮಗಳ ಕೈಗೆ ವಾಪಸ್ಸು ಕೊಟ್ಟಳು.

“ಬಿಟ್ರ ಆಕಿಗೆ ಬ್ಯಾಡ ಅಂತ ತಿಳಕ ಅಂದಿ. ಬಿಡ್ತು. ಹಂಗಾರ ನಾ ಯಾರಿಗೆ ಬೇಕಾಗಿದ್ದೆಬೇ?”

ನನಗೆ ಎನ್ನಬೇಕೆಂದು ಹುಲಿಗೆಮ್ಮ ಬಾಯಿ ತೆರೆದಳು. ಅವ್ವ ಕೇಳಿದ್ದು ಅದಲ್ಲ ಎಂದು ಅವಳಿಗೂ ಗೊತ್ತಿತ್ತು. ಬಾಟಲಿ ಮುಚ್ಚಿಟ್ಟು ಶಟರ್ ಎಳೆದಳು. ಇಬ್ಬರೂ ಮನೆಗೆ ಬಂದರು. ಜೋಗದ ಬುಟ್ಟಿ ಬಾಗಿಲ ಹಿಂದೆಯೇ ಇತ್ತು. ಮಂಗಳವಾರವಾದರೂ ಪಕ್ಕೀರಮ್ಮ ಅದನ್ನು ಮುಟ್ಟಲಿಲ್ಲ, ದೇವಿಯ ಮುಂದೆ ದೀಪವನ್ನೂ ಹಚ್ಚಲಿಲ್ಲ.